ಆಪಾನ ಎಡಗೈ

ಆಪಾ ತೀರಿಕೊಂಡಾಗ ನಮ್ಮ ಓಣ್ಯಾಗ ಒಂದಿಷ್ಟು ಮಂದಿ ಕಣ್ಣೀರು ಹಾಕಿದ್ರು, ಒಂದಿಷ್ಟು ಮಂದಿ ಸಮಾಧಾನದ ಉಸಿರು ಬಿಟ್ರು. ಎರಡನ್ನೂ ಮಾಡಿದವ್ರೂ ಇದ್ರು. ಅದ್ರಾಗ ನಮ್ಮತ್ತಿ ಒಬ್ಬಾಕಿ. "ಪಾಪ, ಬಂಗಾರದಂಥಾ ಹೆಂಗಸು" ಅಂತ ಮಂದಿ ಮುಂದ ಸೆರಗಿನಿಂದ ಕಣ್ಣು ಒರೆಸಿಕೊಂಡ್ಲು. ನಮ್ಮ ಹೊಸ್ತಿಲ ದಾಟಿದ ಕೂಡ್ಲೇ "ಇನ್ನ ನಮ್ಮ ಮನ್ಯಾಗ ಯಾರೂ ಬಗ್ಗಿ ನೋಡಂಗಿಲ್ಲ ಬಿಡು" ಅಂದ್ಲು.

ಆಪಾ ಅಂದ್ರ ಅಕ್ಕ. ಆಕಿ ಹೆಸರು ನನಗ ಗೊತ್ತದ, ಆದ್ರ ಓಣ್ಯಾಗ ಯಾರೂ ಹೆಸರು ಹಿಡಿದು ಕರೀಲಿಲ್ಲ, ಈಗ ನಾ ಯಾಕ ಶುರು ಮಾಡ್ಲಿ? ಎದುರಿಗೆ "ರೀ" ಹಚ್ಚಿ ಮಾತಾಡ್ತಿದ್ವಿ, ಹಿಂದ "ಆಕಿ" ಅಂತಿದ್ವಿ. ರಾಯಚೂರಿನ ದವಾಖಾನ್ಯಾಗ ಮಕ್ಕಳ ವಾರ್ಡಿನ ನರ್ಸಮ್ಮ ಆಗಿದ್ಲು. ನೌಕರಿ ಪೂರಾ ಅಲ್ಲೇ ಸವೆಸಿ ರಿಟೈರ್ ಆಗಿ, ನಮ್ಮ ಓಣಿ ತುದ್ಯಾಗಿನ ಸಣ್ಣ ಮನ್ಯಾಗ ಒಬ್ಬಾಕೇ ಇದ್ಲು. ಲಗ್ನ ಆಗಿರಲಿಲ್ಲ, ಮಕ್ಕಳು ಮರಿ ಇರಲಿಲ್ಲ. ಎತ್ತರದ ಆಳು, ಹತ್ತಿಯಂಥಾ ಕೂದಲಾ, ಮ್ಯಾಲ ಬಿಳಿ ದುಪಟ್ಟಾ. ದೂರದಿಂದ ನೋಡಿದ್ರ ಯಾರೋ ಹಾಸಿಗಿ ಚಾದರ ಹೊತ್ಕೊಂಡು ಹೊಂಟಂಗ ಕಾಣ್ತಿತ್ತು.

ಆಕಿ ರಸ್ತಾ ದಾಟೋದನ್ನ ನೀವು ನೋಡಬೇಕಿತ್ತು. ತೀನ್ ಕಂದೀಲ್ ಕಡಿಗೆ ಸಂತಿಗೆ ಹೊಂಟ್ರ ನಾನೂ ಎಷ್ಟೋ ಸಲ ಜೋಡಿ ಹೋಗ್ತಿದ್ದೆ. ರಸ್ತಾದ ಅಂಚಿಗೆ ಬಂದು ನಿಲ್ತಿದ್ಲು. ಬಲಕ್ಕ ನೋಡ್ತಿದ್ಲು, ಎಡಕ್ಕ ನೋಡ್ತಿದ್ಲು, ಆಮ್ಯಾಲ ಕೆಳಗ ನೋಡ್ತಿದ್ಲು. ಎಡಗೈ ತೊಡಿಯಿಂದ ಒಂಚೂರು ದೂರ ಇಳಿಬಿಟ್ಟು, ಬೆರಳು ಮಡಚಿ, ಏನೋ ಮೆತ್ತಗ ಹಿಡಿದವ್ರಂಗ ಮಾಡ್ತಿದ್ಲು. ಕೆಳಗ ನೋಡ್ಕೋತ "ಚಲೋ" ಅಂತಿದ್ಲು. ಆಮ್ಯಾಲೇ ಹೆಜ್ಜಿ. ಅದೂ ತನ್ನ ಉದ್ದನ್ನ ಹೆಜ್ಜಿ ಅಲ್ಲ, ಸಣ್ಣ ಸಣ್ಣ ಹೆಜ್ಜಿ. ನಾ ಬಲಗಡೀಗೆ ಇದ್ರೂ ನನ್ನ ಕಡೆ ನೋಡ್ತಿರಲಿಲ್ಲ.

ಒಂದಿನ ತಡೀಲಾರದ ಕೇಳೇ ಬಿಟ್ಟೆ. "ಆಪಾ, ಕೈ ನೋಯ್ತದೇನ್ರಿ?"

"ನೋವಿಲ್ಲ ಬೇ. ಯಾರ್ದಾರ ಕೈ ಇರ್ತದ ಅದ್ರಾಗ."

"ಯಾರ್ದು?"

"ವಾರ್ಡಿನ್ಯಾಗ ಸೂಜಿ ಹಾಕೋವಾಗ ಮಕ್ಳು ನನ್ನ ಬೆರಳು ಹಿಡ್ಕೊಂತಿದ್ವು. ಭಾಳಷ್ಟು ಬಿಟ್ಟು ಮನಿಗೆ ಹೋದ್ವು. ಕೆಲವು ಮನಿಗೆ ಹೋಗ್ಲಿಲ್ಲ. ಅವು ಇನ್ನಾ ಬಿಟ್ಟಿಲ್ಲ." ಇಷ್ಟು ಹೇಳಿ ಕಾಯಿಪಲ್ಯದಾಕಿ ಕಡೆ ತಿರುಗಿ, "ಹೀರಿಕಾಯಿ ಹೆಂಗ ಕೊಟ್ಟಿ?" ಅಂದ್ಲು. ನನಗ ಆ ಬಿಸಿಲಾಗ ಮೈ ಜುಮ್ ಅಂತು. ರಾಯಚೂರಿನ ಬಿಸಿಲು ಎಂಥಾದ್ದು ಅಂತ ನಿಮಗ ಹೇಳೋದು ಬ್ಯಾಡ.

ಬೈಕಿನ ಮಂದಿಗಂತೂ ಆಪಾ ಅಂದ್ರ ಪೊಲೀಸ್ನೋರಿಗಿಂತ ಹೆದರಿಕಿ. ಯಾರಾದ್ರೂ ಕೂಸಿನ್ನ ಟ್ಯಾಂಕಿನ ಮ್ಯಾಲ ಕುಂದ್ರಿಸ್ಕೊಂಡು, ಹಿಂದ ಹೆಂಡ್ತಿ, ಆಕಿ ಮಡ್ಲಾಗ ಇನ್ನೊಂದು ಕೂಸು, ಹಿಂಗ ಬಂದ್ರ ನಡು ರಸ್ತಾದಾಗ ಕೈ ಅಡ್ಡ ಹಾಕ್ತಿದ್ಲು. "ನಿನ್ನ ತಲಿಗೆ ಹೆಲ್ಮೆಟ್ ಅದ. ಈ ತಲಿ ಯಾರ್ದು, ಬಾಡಿಗಿದೇನು?" ಅವ ಬೈಬೇಕಂತ ಬಾಯಿ ತೆಗಿಯೋದ್ರೊಳಗ ಆಪಾ ಕೂಸಿನ ತಲಿ ಮ್ಯಾಲ ಅಂಗೈ ಇಟ್ಟು ಸುಮ್ನ ನಿಂತಿರ್ತಿದ್ಲು, ಏನೋ ಕೇಳಿಸ್ಕೊಳ್ಳಾಕತ್ತವ್ರಂಗ. ಅದನ್ನ ನೋಡಿ ಎಂಥಾ ಗಂಡಸೂ ಬೈಯೋದು ಮರೀತಿದ್ದ. ಒಬ್ಬವ ಅಲ್ಲೇ ಹೆಂಡ್ತಿ ಮಕ್ಳನ್ನ ಇಳಿಸಿ ಆಟೋ ಮಾಡಿಕೊಟ್ಟ. "ಆಪಾ, ನೀವು ಹಂಗ ಕೈ ಇಡಬ್ಯಾಡ್ರಿ, ಜೀವ ಧಸಕ್ ಅಂತದ" ಅಂದ.

ನಾವು ಅರಕೇರಾದವ್ರು. ಕೂಲಿ ಮಾಡಿ ನಮ್ಮನ್ನ ಓದಿಸಿದ ಮನಿತನ. ನಾ ಯಾಪಲದಿನ್ನಿ ಶಾಲ್ಯಾಗ ಅಕ್ಕಾರು, ಅಂದ್ರ ಟೀಚರು, ನನ್ನ ಗಂಡ ದೇವದುರ್ಗದಾಗ ನೌಕರಿ, ಐತವಾರಕ್ಕೊಮ್ಮಿ ಬರ್ತಾನ. ಭಾಳ ವರ್ಷ ಕಾದ ಮ್ಯಾಲ ನಮಗ ಒಂದು ಹೆಣ್ಣು ಕೂಸು ಆತು, ಚಿನ್ನಿ. ಆ ಕೂಸಿನ ಸಲುವಾಗೇ ರಾಯಚೂರಿನ್ಯಾಗ ಒಂದು ಮನಿ ಕಟ್ಟಿಸಿದ್ವಿ, ಅತ್ತಿನ್ನ ಊರಿಂದ ಕರ್ಕೊಂಡು ಬಂದ್ವಿ. ನಮ್ಮತ್ತಿ ಬಗ್ಗೆ ಒಂದು ಮಾತು ಹೇಳಬೇಕಂದ್ರ, ಗ್ವಾಡಿ ಮ್ಯಾಲ ಬುದ್ಧನ ಫೋಟೋನೂ ಹಾಕಿದಾಕಿ ಆಕೀನೇ, ಬಾಗಿಲಿಗೆ ನಿಂಬಿಹಣ್ಣು ಮೆಣಸಿನಕಾಯಿ ಕಟ್ಟಿದಾಕೀನೂ ಆಕೀನೇ. ಯಾವುದಾರ ಒಂದು ಕೆಲಸ ಮಾಡ್ತದ ಅಂತ.

ಹೊಸ ಮನಿಗೆ ಆಪಾ ಮೊದ್ಲ ಸಲ ಬಂದಾಗ ಬಣ್ಣದ ವಾಸನಿ ಇನ್ನಾ ಹೋಗಿರಲಿಲ್ಲ. ಚಪ್ಪಲಿ ಬಿಟ್ಟು ಒಳಗ ಬಂದ್ಲು, ಕುರ್ಚಿ ಕೊಟ್ರ ಕುಂದ್ರಲಿಲ್ಲ. ದುಪಟ್ಟಾ ಸೊಂಟಕ್ಕ ಬಿಗಿದು, ಕೈ ಊರಿ, ಮೊಣಕಾಲು ಊರಿ ನೆಲಕ್ಕ ಇಳಿದ್ಲು. ಮೊಣಕಾಲು ಲಟಕ್ ಅಂದ್ವು. ಅಷ್ಟು ಎತ್ತರದ ಮುದುಕಿ ಕೂಸಿನಂಗ ಅಂಬಿಗಾಲಿಟ್ಟು ಪಡಸಾಲ್ಯಾಗ ಹೊಂಟ್ಲು. ಮೊದ್ಲು ನನಗ ನಗು ಬಂತು. ಆಮ್ಯಾಲ ಬರಲಿಲ್ಲ. ಆಕಿ ಹೋಗ್ತಿದ್ದ ಕಡೆ ಮನಿ ಗಪ್ಪಾಗ್ತಿತ್ತು. ಟೇಬಲ್ಲಿನ ಮ್ಯಾಲಿಂದ ಜೋತುಬಿದ್ದ ಬಟ್ಟಿಯ ಚುಂಗು, ಸ್ವಿಚ್ಚಿನ ತೂತು, ಬಚ್ಚಲದಾಗ ರಾಡು ಹಾಕಿ ನೀರು ಕಾಸೋ ಬಕೆಟ್ಟು, ಒಂದೊಂದ್ರ ಮುಂದೂ ನಿಂತು ತಲಿ ಎತ್ತಿ ನೋಡ್ತಿದ್ಲು. ಎಲ್ಲಾ ಮುಗಿಸಿ ಅಂಗಳಕ್ಕ ಬಂದು ಸಂಪಿನ ಹತ್ರ ನಿಂತ್ಲು. ಸಂಪು ಅಂದ್ರ ಅಂಗಳದ ನೆಲದಾಗ ತೋಡಿ ಕಟ್ಟಿಸಿದ ನೀರಿನ ತೊಟ್ಟಿ. ನಳದ ನೀರು ದಿನಾ ಬರೋ ಊರಲ್ಲ ನಮ್ದು, ಹಿಂಗಾಗಿ ಎಲ್ಲಾ ಮನ್ಯಾಗೂ ಅದ. ಆಪಾ ಅದ್ರ ತಗಡಿನ ಮುಚ್ಚಳದ ಮ್ಯಾಲ ಅಂಗೈ ಇಟ್ಲು.

"ಇಲ್ಲಿ ನಾ ಬಂದೀನಿ" ಅಂದ್ಲು.

"ಎಲ್ಲಿ ಬಂದೀರಿ ಆಪಾ, ಮೊನ್ನಿ ಗೃಹಪ್ರವೇಶ ಆಗೇದ."

"ಬಂದೀನಿ ಬೇ. ಮುಚ್ಚಳ ಹಿಂಗ ಬಾಜೂಕ ಇತ್ತು. ಪೈಪು ಹಾಕಿದ್ರು. ತಾಯಿ ಮನಿಯೊಳಗಿದ್ಲು." ಅಂಗೈ ಎತ್ತಿ ದುಪಟ್ಟಾಕ್ಕ ಒರೆಸಿಕೊಂಡ್ಲು. ಮುಚ್ಚಳ ಒಣಗೇ ಇತ್ತು, ನಾ ನೋಡೀನಿ.

ಆಮ್ಯಾಲ ಚಹಾ ಕುಡಿಯೋವಾಗ ಆಕೀನೇ ಬಿಡಿಸಿ ಹೇಳಿದ್ಲು. ವಾರ್ಡಿಗೆ ಬಂದ ಒಬ್ಬೊಬ್ಬ ತಾಯಿನ್ನೂ ಕೇಳ್ತಿದ್ಲಂತ: ಕೂಸು ಎಲ್ಲಿತ್ತು, ಏನು ಹಿಡಿಯಾಕ ಹೋಗಿತ್ತು, ನೀ ಎಲ್ಲಿದ್ದಿ? ಅವ್ರು ಅಳ್ಕೋತ ಅಳ್ಕೋತ ಮನಿ ಪೂರಾ ಹೇಳ್ತಿದ್ರಂತ, ಒಲಿ ಎಲ್ಲಿ, ಮೆಟ್ಲು ಎಲ್ಲಿ, ಬಾಗಿಲು ಯಾವ ಕಡಿಗೆ ತೆರೀತದ ಅಂತ. "ಈ ಜಿಲ್ಲಾದ ಮನಿಗೋಳು ಎಲ್ಲಾ ನನ್ನ ತಲ್ಯಾಗ ಕುಂತಾವ. ಹೊಸ ಮನಿ ಅಂತ ಯಾವ್ದೂ ಇಲ್ಲ ಬೇ. ಎಲ್ಲಾ ಅವೇ" ಅಂದ್ಲು. "ಸಂಪಿನೊಳಗ ಬಾಯಿಗೆ ಒಂದು ಕಬ್ಬಿಣದ ಜಾಳಗಿ ಕೂಡಿಸ್ರಿ. ಮುಚ್ಚಳ ತೆಗದ್ರೂ ಕೂಸು ಹೋಗಬಾರದು."

ಆಕಿ ಅತ್ಲಾಗ ಹೋದ ಕೂಡ್ಲೇ ನಮ್ಮತ್ತಿ ಉಪ್ಪು ಮೆಣಸಿನಕಾಯಿ ಹಿಡಿದು ಚಿನ್ನಿನ್ನ ನಿವಾಳಿಸಿ ಒಲ್ಯಾಗ ಹಾಕಿದ್ಲು. ಸಂಪಿನ ಮುಚ್ಚಳದ ಹಿಡಿಕಿಗೊಂದು ನಿಂಬಿಹಣ್ಣು ಮೆಣಸಿನಕಾಯಿ ಕಟ್ಟಿದ್ಲು. ಜಾಳಗಿ ಬಗ್ಗೆ ನನ್ನ ಗಂಡಗ ಹೇಳಿದ್ರ "ಬರೋ ಐತವಾರ ವೆಲ್ಡಿಂಗ್ನವನ್ನ ಕರ್ಕೊಂಡು ಬರ್ತೀನಿ" ಅಂದ. ನಮ್ಮ ಮನ್ಯಾಗ ಬರೋ ಐತವಾರ ಅನ್ನೋದು ಬರೋದೇ ಇಲ್ಲ.

ಆಪಾನ್ನ ನಮ್ಮ ಶಾಲಿಗೂ ಒಮ್ಮಿ ಕರ್ಕೊಂಡು ಹೋಗಿದ್ದೆ, ಪಾಲಕರ ಸಭೆಗೆ. ಭಾಷಣ ಮಾಡ್ತಾಳ ಅಂತ ಎಲ್ರೂ ಆಕಳಿಸ್ಕೋತ ಕುಂತಿದ್ರು. ಆಕಿ ಅಂದ್ಲು, "ಎಲ್ರೂ ನೆಲಕ್ಕ ಇಳಿರಿ. ಅಂಬಿಗಾಲು ಇಡ್ರಿ." ಯಾಪಲದಿನ್ನಿ ಗಂಡಸರು, ಧೋತ್ರ ಉಟ್ಟವ್ರು, ಪ್ಯಾಂಟಿನವ್ರು, ಖೊಳ್ಳನ್ನ ನಕ್ಕೋತ ಇಳಿದ್ರು. ಹೆಣ್ಮಕ್ಳು ಸೆರಗು ಬಾಯಿಗಿಟ್ಟು ಅವ್ರನ್ನ ನೋಡಿ ನಕ್ಕು, ಆಮ್ಯಾಲ ತಾವೂ ಇಳಿದ್ರು. "ಯಪ್ಪಾ, ಎತ್ತು ಆದಂಗ ಆತು, ನೊಗ ಒಂದು ಹಾಕ್ರಿ" ಅಂತ ಒಬ್ಬವ ಚ್ಯಾಷ್ಟಿ ಮಾಡಿದ. ಆಪಾ ನಗಲಿಲ್ಲ. "ಈಗ ಮಾತಾಡಬ್ಯಾಡ್ರಿ. ತಲಿ ಎತ್ತಿ ನೋಡ್ರಿ" ಅಂದ್ಲು. ನಗು ಒಂದೊಂದೇ ಕಡೆ ಆರ್ತಾ ಬಂತು. ಕ್ವಾಣಿ ತುಂಬ ದೊಡ್ಡ ಮಂದಿ ಕೈ ಕಾಲು ಊರಿ, ಬಾಯಿ ತೆರೆದು ಮ್ಯಾಲ ನೋಡಾಕತ್ತಿದ್ರು. ಹಿಂದಿನ ಸಾಲಿನ್ಯಾಗ ಒಬ್ಬ ತಂದಿ ಸಣ್ಣ ದನ್ಯಾಗ ಅಂದ, "ಅಕ್ಕಾರ, ಇಲ್ಲಿಂದ ಎಲ್ಲಾ ನಮ್ಮ ಮ್ಯಾಲೇ ಬೀಳಾಕ ಬಂದಂಗ ಕಾಣ್ತದ್ರಿ." ಆಪಾ ಅವನ ಹತ್ರ ಹೋಗಿ "ಹೂಂ ಯಪ್ಪಾ. ಅವು ದಿನಾ ಇದನ್ನೇ ನೋಡ್ತಾವ" ಅಂದ್ಲು. ಆವತ್ತು ಮಂದಿ ಚಹಾ ಸೈತ ಕುಡೀಲಿಲ್ಲ, ಸೀದಾ ಮನಿಗೆ ಹೋದ್ರು. ಮರುದಿನ ಮಕ್ಕಳು ಬಂದು, ಅಪ್ಪ ಕುಡುಗೋಲು ಮ್ಯಾಲ ಸಿಗಿಸ್ಯಾನ, ಅವ್ವ ಒಲಿ ಸುತ್ತ ಕಟ್ಟಿ ಕಟ್ಟ್ಯಾಳ ಅಂತ ಸುದ್ದಿ ಹೇಳಿದ್ರು. ನನಗ ಭಾಳ ಖುಷಿ ಆತು.

ಇಷ್ಟು ಚಂದ ನಡೀತಿದ್ದಿದ್ದು ಕೆಟ್ಟಿದ್ದು ಹಿರೇಕೊಟ್ನೆಕಲ್ಲಿನ್ಯಾಗ. ಮಾನ್ವಿ ಕಡೆ ಊರು, ನನ್ನ ತಂಗಿನ್ನ ಕೊಟ್ಟ ಮನಿ. ಆಕಿ ಎರಡನೇ ಕೂಸಿನ್ನ ತೊಟ್ಟಿಲಿಗೆ ಹಾಕೋ ಕಾರ್ಯ ಇತ್ತು. ಆಪಾನ್ನ ಕರ್ಕೊಂಡು ಹೋದಾಕಿ ನಾನೇ. ಮುತ್ತೈದೇರು ಜೋಗುಳ ಹಾಡಾಕತ್ತಾರ, ಆಪಾ ಅಡಗಿ ಮನ್ಯಾಗ ಮೊಣಕಾಲ ಮ್ಯಾಲ ಅದಾಳ. ಗ್ವಾಡಿ ಗೂಡಿನ್ಯಾಗ, ಕೂಸು ಕೈ ಎತ್ತಿದ್ರ ಮುಟ್ಟೋ ಹಂಗ, ಕೂಲ್‌ಡ್ರಿಂಕ್ಸ್ ಬಾಟ್ಲಿ ಇತ್ತು. ಅದ್ರಾಗ ಭತ್ತಕ್ಕ ಹೊಡಿಯೋ ಎಣ್ಣಿ. ನಮ್ಮ ಕಡೆ ಕೀಟನಾಶಕಕ್ಕ ಎಣ್ಣಿ ಅಂತೇ ಅಂತಾರ, ದೊಡ್ಡ ಡಬ್ಬಿಯಿಂದ ಸಣ್ಣ ಬಾಟ್ಲಿಗೆ ಸುರುವಿ ಮನ್ಯಾಗ ಇಡ್ತಾರ.

ಆಪಾ ಹಾಡಿನ ನಡುವೇ ಬಂದು ನಿಂತ್ಲು. "ದೊಡ್ಡ ಹುಡುಗ ಕುಡದಾನ" ಅಂದ್ಲು. "ಬಾಟ್ಲಿ ಆ ಗೂಡಿನ್ಯಾಗೇ ಇತ್ತು."

ಹಾಡು ನಿಂತು ಹೋತು. ತಂಗಿ ದೊಡ್ಡ ಮಗ ಅಲ್ಲೇ ಬಾಗಲದಾಗ ಚುರಮುರಿ ತಿನ್ಕೋತ ನಿಂತಿದ್ದ, ಅವಗ ಏನೂ ಆಗಿರಲಿಲ್ಲ. ತೊಟ್ಟಿಲ ಮುಂದ ಎಂಥಾ ಮಾತು! ತಂಗಿ ಅತ್ತಿಮನಿಯವ್ರು ಆಪಾನ್ನ ಬಾಯಿಗೆ ಬಂದಂಗ ಬೈದ್ರು. ಆಪಾ "ಬಾಟ್ಲಿ ತೆಗೀರಿ, ಆಮ್ಯಾಲ ಬೈರಿ" ಅಂತಷ್ಟೇ ಅಂದ್ಲು. ನಾ ಆಕಿನ್ನ ಕೈ ಹಿಡಿದು ಬಸ್ಸಿಗೆ ಕರ್ಕೊಂಡು ಬಂದೆ. ಅಲ್ಲಿ ಅವ್ರು ಏನು ಮಾಡಿದ್ರು ಅಂತ ಆಮ್ಯಾಲ ಗೊತ್ತಾತು. ಹುಡುಗನ್ನ ನಿವಾಳಿಸಿದ್ರು. ಆಕಿ ನಿಂತಿದ್ದ ಜಾಗಾ ಸಗಣಿ ಹಾಕಿ ಸಾರಿಸಿದ್ರು. ಗೂಡಿಗೆ ನಿಂಬಿಹಣ್ಣು ಕಟ್ಟಿದ್ರು. ಆಕಿ ಆಡಿದ ಮಾತು ತೆಗೆದ್ರು, ಬಾಟ್ಲಿ ತೆಗೀಲಿಲ್ಲ.

ಹುಡುಗ ಕುಡದ. ಅಮವಾಸಿ ಬರೋದ್ರೊಳಗ ಕುಡದ. ರಾಯಚೂರಿಗೆ ತರೋತನ ಬಾಯಾಗ ನೊರಿ ಬಂದಿತ್ತು. ಉಳಿದ, ನಮ್ಮ ಪುಣ್ಯ. ಆದ್ರ ಆವತ್ತು ದವಾಖಾನಿ ಬಾಗಲದಾಗ ಆಪಾ ಸುದ್ದಿ ಕೇಳಿ ಓಡಿ ಬಂದಾಗ ನನ್ನ ತಂಗಿ ಆಕಿ ದುಪಟ್ಟಾ ಹಿಡಿದು ಜಗ್ಗಿ "ನೀನೇ ಅಂದಿದ್ದಿ! ನಿನ್ನ ನಾಲಿಗಿಗೆ ಬೆಂಕಿ ಹಚ್ಚ!" ಅಂತ ಚೀರಿದ್ಲು. ಆಪಾ ಬಿಡಿಸಿಕೊಳ್ಳಲಿಲ್ಲ. "ಹೂಂ ಯವ್ವಾ, ನಾನೇ ಅಂದಿದ್ದೆ. ಬೈ, ಆದ್ರ ಈಗ ಒಳಗ ಹೋಗಿ ಅವನ ಕೈ ಹಿಡ್ಕೊಂಡು ಕುಂದ್ರು. ಬಿಡಬ್ಯಾಡ" ಅಂದ್ಲು. ಆವತ್ತು ಆಕಿ ನಡಕೋತ ಮನಿಗೆ ಹೋದ್ಲು. ನಾ ಹಿಂದಿಂದ ನೋಡಿದೆ, ಎಡಗೈ ಹಂಗೇ ಮಡಚಿತ್ತು.

ಅಲ್ಲಿಂದ ಆಪಾಗ "ಕರಿ ನಾಲಿಗಿ" ಅಂತ ಹೆಸರು ಬಿತ್ತು. ಓಣ್ಯಾಗ ಆಕಿ ಹೊಂಟ್ರ ಬಾಗಿಲು ಹಾಕ್ಕೊಳ್ಳಾಕತ್ತಿದ್ರು, ಅದೂ ಸಪ್ಪಳ ಆಗದಂಗ. ನಮ್ಮತ್ತಿ ಅಂತೂ "ಆಕಿ ಈ ಗೇಟ್ ದಾಟಿದ್ರ ನಾ ಅರಕೇರಾಕ್ಕ ಹೋಗ್ತೀನಿ" ಅಂತ ಕಡ್ಡಿ ಮುರಿದಂಗ ಹೇಳಿದ್ಲು. ನನಗ ಸಿಟ್ಟು ಬರ್ತಿತ್ತು. ಆಪಾ ಅಂದಿದ್ದಕ್ಕ ಆತೋ, ಆಗೋದನ್ನ ಆಪಾ ಅಂದ್ಲೋ ಅಂತ ಜಗಳಾಡ್ತಿದ್ದೆ. ಆದ್ರ ಖರೇ ಹೇಳ್ತೀನಿ, ಒಮ್ಮೊಮ್ಮಿ ನನಗೂ ಆಕಿ ಕಣ್ಣು ಕಂಡ್ರ ಹೆದರಿಕಿ ಆಗ್ತಿತ್ತು.

ಆಪಾ ಗೇಟಿನ ಹೊರಗೇ ನಿಲ್ಲಾಕತ್ತಿದ್ಲು. ಚಿನ್ನಿಗೆ ಆವಾಗ ನಡಿಗಿ ಗಟ್ಟಿಯಾಗಿ ಮಾತು ಬರಾಕತ್ತಿತ್ತು. ಗೇಟಿನ ಸರಳಿನೊಳಗಿಂದ ಕೈ ಹೊರಗ ಹಾಕ್ತಿದ್ಲು, ಆಪಾ ಎಡಗೈಲೆ ಆ ಕೈ ಹಿಡ್ಕೊಂತಿದ್ಲು. ಅವ್ರಿಬ್ರದೂ ಒಂದು ಆಟ ಇತ್ತು. "ನೀರು ಕಂಡ್ರ ಏನ್ ಮಾಡ್ಬೇಕು?" "ನಿಲ್ಬೇಕು!" "ಆಮ್ಯಾಲ?" "ಕೈ ಕೊಬೇಕು!" ಆಮ್ಯಾಲ ಚಿನ್ನಿ ಕೈ ಜಗ್ಗೋದು, ಆಪಾ ಬಿಡಂಗಿಲ್ಲ ಅನ್ನೋದು, ಚಿನ್ನಿ ಕಿಲಕಿಲ ನಕ್ಕೋತ "ಆಪಾ ಬಿಡವಲ್ಲು, ಆಪಾ ಬಿಡವಲ್ಲು" ಅಂತ ಚೀರೋದು. ಅತ್ತಿ ಒಳಗಿಂದ ಕೆಮ್ಮಿದ ಕೂಡ್ಲೇ ಆಪಾ ಕೈ ಬಿಟ್ಟು, ನನ್ನ ಕಡೆ ನೋಡಿ, "ಜಾಳಗಿ ಹಾಕಿಸ್ದಿ ಏನು?" ಅಂತ ಕೇಳಿ ಹೋಗ್ತಿದ್ಲು. ನಾ ಪ್ರತಿ ಸಲ "ಐತವಾರ ಆಪಾ" ಅಂತಿದ್ದೆ.

ಆಮ್ಯಾಲ ಆಕಿ ಸತ್ಲು. ನಮಾಜಿನ ಹಾಸಿನ ಮ್ಯಾಲ ಕುಂತಲ್ಲೇ ಜೀವ ಹೋಗಿತ್ತು. ಮಣ್ಣಿಗೆ ಒಯ್ಯೋ ಮೊದ್ಲು ಹೆಣ್ಮಕ್ಕಳೆಲ್ಲಾ ಆಕಿ ಮನಿಗೆ ಹೋದ್ವಿ. ಇಷ್ಟು ವರ್ಷ ಆಕಿ ನಮ್ಮ ಮನಿಗೆ ಬಂದಾಳ, ಆಕಿ ಮನ್ಯಾಗ ಒಬ್ರೂ ಕಾಲಿಟ್ಟಿರಲಿಲ್ಲ. ಒಳಗ ಹೋಗಿ ನೋಡಿದ್ವಿ. ಟೇಬಲ್ಲಿನ ಮೂಲಿಗೆಲ್ಲಾ ಅರಿವಿ ಸುತ್ತಿ ದಾರ ಬಿಗಿದಿತ್ತು. ಸ್ವಿಚ್ಚಿನ ತೂತಿಗೆಲ್ಲಾ ಟೇಪು. ಔಷಧ ಮ್ಯಾಲಿನ ಗೂಡಿನ್ಯಾಗ, ಒಲಿ ಸುತ್ತ ಕಟ್ಟಿ. ಅಡಗಿ ಮನಿ ಬಾಗಲಿಗೆ ಮೊಣಕಾಲ ಎತ್ತರದ ಒಂದು ಕಟ್ಟಿಗಿ ಅಡ್ಡ. ಸಂಪಿನ ಬಾಯಿಗೆ ಜಾಳಗಿ. ನೆಲದ ಮ್ಯಾಲ, ಸಣ್ಣ ಕೈಗೆ ಸಿಗೋ ಹಂಗ, ಒಂದು ಸಾಲು ಪುಟ್ಟ ಪುಟ್ಟ ಸ್ಟೀಲಿನ ಲೋಟ, ನೀರು ತುಂಬಿಟ್ಟಿದ್ದು.

"ಯಾರ ಸಲುವಾಗಿ ಇದೆಲ್ಲಾ?" ಅಂತ ಯಾರೋ ಪಿಸುಗುಟ್ಟಿದ್ರು. ನಮ್ಮತ್ತಿ ಆ ಲೋಟ ಮೆಟ್ಟಬಾರದಂತ ಗ್ವಾಡಿ ಹಿಡಿದು ಬಾಜೂಕ ಸರಿದು ಹೊರಗ ಬಂದ್ಲು.

ಅದಾಗಿ ಮೊದ್ಲ ಸಲ ಓಣಿಗೆ ನೀರು ಬಿಟ್ಟಿದ್ದ ದಿನ ನನಗ ಶಾಲಿ ಸೂಟಿ ಇತ್ತು. ನೀರು ಬಂದ್ರ ನಮ್ಮ ಓಣ್ಯಾಗ ಎಲ್ರೂ ಒಂದೇ ಕೆಲಸ ಮಾಡ್ತಾರ: ಸಂಪಿನ ಮುಚ್ಚಳ ಸರಿಸಿ, ಪೈಪು ಒಳಗ ಬಿಟ್ಟು, ಮುಚ್ಚಳ ತೆರೆದೇ ಇಟ್ಟು ಒಳಗ ಹೋಗ್ತಾರ. ಯಾಕಂದ್ರ ನೀರು ಬೀಳೋ ಸಪ್ಪಳ ಕೇಳಿಸ್ಬೇಕು. ಸಪ್ಪಳ ಮ್ಯಾಲ ಎಷ್ಟು ತುಂಬೇದ ಅಂತ ಗೊತ್ತಾಗ್ತದ, ನಿಂತ್ರ ಬಾಜು ಮನ್ಯಾಗ ಯಾರೋ ಮೋಟರ್ ಹಚ್ಯಾರ ಅಂತ ಜಗಳಕ್ಕ ಓಡಬಹುದು. ಅತ್ತಿನೂ ಹಂಗೇ ಮಾಡಿದ್ಲು. ಒಲಿ ಮ್ಯಾಲ ಹಾಲು ಇತ್ತು, ಒಳಗ ಹೋದ್ಲು. ಚಿನ್ನಿ ಪಡಸಾಲ್ಯಾಗ ಆಡಾಕತ್ಯಾಳ ಅಂತ ಆಕಿ ತಿಳಿದಿದ್ಲು. ನಾ ಮಾಳಗಿ ಮ್ಯಾಲ ಅರಿವಿ ಒಣ ಹಾಕಾಕತ್ತಿದ್ದೆ.

ನೀರಿನ ಸಪ್ಪಳ ನಿಂತಂಗ ಆತು. ಯಾಕ ಅಂತ ಕೆಳಗ ಬಗ್ಗಿ ನೋಡಿದೆ.

ಚಿನ್ನಿ ಸಂಪಿನ ಬಾಯಿ ಅಂಚಿನ್ಯಾಗ ನಿಂತಿದ್ಲು. ಕಾಲಿನ ಬೆರಳು ಅಂಚು ದಾಟಿ ಹೊರಗ ಬಂದಿದ್ವು. ನೀರಿನ್ಯಾಗ ತನ್ನ ಮಾರಿ ನೋಡಾಕ ಮೈ ಪೂರಾ ಮುಂದ ವಾಲಿಸಿದ್ಲು. ಚೀರಬೇಕಂದೆ, ಚೀರಿದ್ರ ತಿರುಗಿ ಕಾಲು ಜಾರ್ತದ ಅಂತ ಬಾಯಿ ಮುಚ್ಚಿಕೊಂಡೆ. ಮೆಟ್ಲು ಹೆಂಗ ಇಳಿದೆ ನನಗ ಗೊತ್ತಿಲ್ಲ. ಇಳಿಯೋತನ ಒಂದೇ ಸಪ್ಪಳಕ್ಕ ಕಿವಿ ಕಾಯ್ತಿತ್ತು, ದೇವ್ರೇ, ಅದೊಂದು ಕೇಳಿಸ್ಬಾರ್ದು ಅಂತ.

ಕೇಳಿಸ್ಲಿಲ್ಲ. ಅಂಗಳಕ್ಕ ಬಂದಾಗ ಕೂಸು ಹಂಗೇ ನಿಂತಿತ್ತು. ಅಷ್ಟು ವಾಲಿದ ಕೂಸು ಬೀಳಬೇಕು. ನೀವು ನಿಮ್ಮ ಮಕ್ಕಳನ್ನ ನೋಡೀರಿ, ಹಿಂದಿನಿಂದ ಒಂದು ಕೈ ಗಟ್ಟಿ ಹಿಡ್ಕೊಂಡಾಗ ಹೆಂಗ ಧೈರ್ಯದ್ಲೆ ಮುಂದ ಜೋತು ಬೀಳ್ತಾವ, ಹಂಗ ನಿಂತಿದ್ಲು. ಬಲಗೈ ನೀರಿನ ಕಡಿಗೆ. ಎಡಗೈ ಹಿಂದಕ್ಕ, ಮ್ಯಾಲಕ್ಕ ಎತ್ತಿದ್ದು, ಬಿಗಿಯಾಗಿ ಜಗ್ಗಿದಂಗ, ಬೆರಳು ಮಡಚಿದಂಗ. ಆ ಕೈಯಾಗ ಏನೂ ಇರಲಿಲ್ಲ.

ನಡು ಹಿಡಿದು ಬಾಚಿ ತಬ್ಕೊಂಡೆ. ಕೂಸಿಗೆ ಆಟ ಕೆಡಿಸಿದ್ದಕ್ಕ ಸಿಟ್ಟು. ನನ್ನ ಹೆಗಲ ಮ್ಯಾಲಿಂದ ಹಿಂದ ನೋಡ್ಕೋತ ಮಾರಿ ಉಬ್ಬಿಸಿ ಅಂದ್ಲು:

"ಆಪಾ ಬಿಡವಲ್ಲು."

ಬಾಗಲದಾಗ ಅತ್ತಿ ನಿಂತಿದ್ಲು. ಒಳಗ ಹಾಲು ಉಕ್ಕಿ ಸುಟ್ಟ ವಾಸನಿ ಬರಾಕತ್ತಿತ್ತು. ನಿಂತ ನೀರು ಮತ್ತ ಪೈಪಿನ್ಯಾಗ ಬಂತು.

ಆವತ್ತು ನಾ ಗಂಡಗ ಫೋನ್ ಮಾಡಲಿಲ್ಲ. ಐತವಾರ ಅನ್ನೋ ಮಾತು ಕೇಳೋ ತಾಕತ್ತು ನನಗಿರಲಿಲ್ಲ. ಚಿನ್ನಿನ್ನ ಸೊಂಟಕ್ಕ ಏರಿಸ್ಕೊಂಡು ನಾನೇ ವೆಲ್ಡಿಂಗ್ ಅಂಗಡಿಗೆ ಹೋಗಿ ಅವನ್ನ ಎಬ್ಬಿಸಿ ಕರ್ಕೊಂಡು ಬಂದೆ. ಹೊತ್ತು ಮುಣುಗೋದ್ರೊಳಗ ಜಾಳಗಿ ಕುಂತಿತ್ತು. ಅವ ಕೆಲಸ ಮಾಡೋತನ ಅತ್ತಿ ಮುಚ್ಚಳದ ಹಿಡಿಕಿಗಿದ್ದ ನಿಂಬಿಹಣ್ಣು ಬಿಚ್ಚಿ ಕೈಯಾಗ ಹಿಡ್ಕೊಂಡು ಕುಂತಿದ್ಲು. ಕೂಸಿನ್ನ ನಿವಾಳಿಸಲಿಲ್ಲ. ಮರುದಿನ ಮುಂಜಾನಿ ನಾ ಎದ್ದು ಬಂದಾಗ ಪಡಸಾಲ್ಯಾಗ ಒಂದು ಸಪ್ಪಳ ಕೇಳ್ತು, ಮೊಣಕಾಲು ಲಟಕ್ ಅಂದಂಗ. ನೋಡಿದ್ರ ನಮ್ಮತ್ತಿ. ಸೀರಿ ಕಚ್ಚಿ ಹಾಕ್ಕೊಂಡು, ಅಂಬಿಗಾಲಿಟ್ಟು, ಬಚ್ಚಲದ ಕಡಿಗೆ ಹೊಂಟಿದ್ಲು. ನೀರು ಕಾಸೋ ಬಕೆಟ್ಟಿನ ಮುಂದ ನಿಂತು ತಲಿ ಎತ್ತಿ ನೋಡಿದ್ಲು.

"ಯವ್ವಾ," ಅಂದ್ಲು ನನಗ, "ಇದು ಇಲ್ಲಿಂದ ಎಷ್ಟು ದೊಡ್ಡದು ಕಾಣ್ತದಬೇ."

ಈಗ ಚಿನ್ನಿ ಅಂಗನವಾಡಿಗೆ ಹೋಗ್ತಾಳ. ನಡುವ ದೊಡ್ಡ ರಸ್ತಾ ಅದ, ಲಾರಿ ಬಸ್ಸು ಎಲ್ಲಾ ಅದೇ ದಾರಿ. ನಾ ಎಡಕ್ಕ ಬಲಕ್ಕ ನೋಡಿ, ಆಕಿ ಬಲಗೈ ಗಟ್ಟಿ ಹಿಡ್ಕೊಂಡು ದಾಟಿಸ್ತೀನಿ. ಆಕಿ ತನ್ನ ಎಡಗೈ ಮ್ಯಾಲ ಎತ್ತಿ, ಬೆರಳು ಮಡಚಿ, ಆ ಕಡಿಗೆ ತಲಿ ಎತ್ತಿ ನೋಡಿ "ಚಲೋ" ಅಂತಾಳ. ಆಮ್ಯಾಲೇ ಹೆಜ್ಜಿ ಇಡ್ತಾಳ. ಯಾರ ಕೈ ಅದು ಅಂತ ನಾ ಕೇಳಂಗಿಲ್ಲ. ಬಿಡು ಅಂತನೂ ಅನ್ನಂಗಿಲ್ಲ.